ಎರಡು ಮಹಾಯುದ್ಧಗಳ ನಡುವಿನ ಮಲಯ ರಾಜ್ಯಗಳು: ಪದೇ ಪದೇ ಕೇಳೋ ಪ್ರಶ್ನೆಗಳು

ಮಲೇಷ್ಯಾ ಅಂದ್ರೆ ನಮ್ ಕಡೆಯವ್ರಿಗೆ ಟ್ವಿನ್ ಟವರ್, ಬಾತು ಕೇವ್ಸ್ ಮೆಟ್ಲು, ಗೆಂಟಿಂಗ್, ಅಷ್ಟೇ. ಅಲ್ಲಿನ ಹಳೇ ಕಥೆ ಓದೋಕೆ ಶುರು ಮಾಡಿದಾಗಿಂದ ಗೆಳೆಯರು, ಕಸಿನ್‌ಗಳು ಒಂದೇ ಥರದ ಪ್ರಶ್ನೆಗಳನ್ನ ತಿರುಗಿ ತಿರುಗಿ ಕೇಳ್ತಾರೆ, ಅದಕ್ಕೆ ಎಲ್ಲಾನೂ ಒಂದೇ ಕಡೆ ಬರೆದಿಟ್ಟಿದೀನಿ. 1919ರಿಂದ 1941ರವರೆಗಿನ ಕಾಲ ಇದು. ವೋಟು ಇಲ್ಲ, ಜನ ಆರಿಸಿದ ಸಭೆ ಇಲ್ಲ, ಆದ್ರೂ ಜನ ಬಾಯ್ ಮುಚ್ಕೊಂಡು ಕೂತಿರ್ಲಿಲ್ಲ. ನಂಗೆ ಈ ಕಾಲ ಇಷ್ಟ ಆಗೋಕೆ ಕಾರಣ ಅದೇ.

ಪ್ರ: ಮಲಯ ರಾಜ್ಯಗಳು ಅಂದ್ರೆ ಯಾವ್ಯಾವು? ಆಗ ಮಲೇಷ್ಯಾ ಅಂತ ದೇಶ ಇತ್ತಾ?

ಇರ್ಲಿಲ್ಲ. ಬ್ರಿಟಿಷರ ಕೈಕೆಳಗೆ ಮೂರು ಥರದ ಆಡಳಿತ ಅಕ್ಕಪಕ್ಕದಲ್ಲೇ ಇತ್ತು. ಪೆನಾಂಗ್, ಮಲಕ್ಕಾ, ಸಿಂಗಾಪುರ ಸೇರಿ ಸ್ಟ್ರೇಟ್ಸ್ ಸೆಟ್ಲ್‌ಮೆಂಟ್ಸ್, ಇದು ನೇರವಾಗಿ ಬ್ರಿಟಿಷ್ ವಸಾಹತು. ಪೆರಾಕ್, ಸೆಲಾಂಗೊರ್, ನೆಗೆರಿ ಸೆಂಬಿಲಾನ್, ಪಹಾಂಗ್ ಈ ನಾಲ್ಕು 1896ರಿಂದ ಒಕ್ಕೂಟ ರಾಜ್ಯಗಳು, ಕೌಲಾಲಂಪುರ ಅದರ ರಾಜಧಾನಿ. ಉಳಿದ ಐದು ಅಂದ್ರೆ ಕೆಡಾ, ಪರ್ಲಿಸ್, ಕೆಲಾಂತಾನ್, ತೆರೆಂಗಾನು, ಜೊಹೊರ್ ಒಕ್ಕೂಟದ ಹೊರಗಿದ್ವು. ಇದರಲ್ಲಿ ಮೊದಲ ನಾಲ್ಕರ ಮೇಲಿನ ಹಕ್ಕನ್ನ ಸಿಯಾಂ, ಅಂದ್ರೆ ಈಗಿನ ಥಾಯ್ಲೆಂಡ್, 1909ರಲ್ಲಿ ಬ್ರಿಟಿಷರಿಗೆ ಬಿಟ್ಕೊಡ್ತು. ಸಿಂಗಾಪುರದ ಗವರ್ನರ್‌ನೇ ಮಲಯ ರಾಜ್ಯಗಳಿಗೆ ಹೈ ಕಮಿಷನರ್, ಅಂದ್ರೆ ಒಬ್ಬನೇ ಮನುಷ್ಯ, ಎರಡು ಹುದ್ದೆ.

ಅಂದಹಾಗೆ ನೆಗೆರಿ ಅನ್ನೋದು ನಮ್ಮ ನಗರಿನೇ, ಸೆಂಬಿಲಾನ್ ಅಂದ್ರೆ ಒಂಬತ್ತು. ಮಲಯ ಭಾಷೆ ಓದ್ತಾ ಹೋದ್ರೆ ಇಂಥ ನೆಂಟರು ಹೆಜ್ಜೆ ಹೆಜ್ಜೆಗೂ ಸಿಗ್ತಾರೆ, ಮುಂದೆ ಇನ್ನೂ ಬರ್ತಾವೆ ನೋಡಿ.

ಪ್ರ: ರೆಸಿಡೆಂಟ್ ಅಂದ್ರೆ ನಮ್ಮ ಮೈಸೂರು ಸಂಸ್ಥಾನಕ್ಕೆ ಇದ್ದಂಥವರೇನಾ?

ರೆಸಿಡೆಂಟ್ ಅಂದ್ರೆ ರಾಜರ ಪಕ್ಕದಲ್ಲಿ ಬ್ರಿಟಿಷರು ಕೂರಿಸಿದ ತಮ್ಮ ಅಧಿಕಾರಿ. ಹೆಸರು ಅದೇ, ಕೆಲಸ ಬೇರೆ. ಮೈಸೂರಿನ ರೆಸಿಡೆಂಟ್ ಬೆಂಗಳೂರಲ್ಲಿ ಕೂತು ಕಣ್ಣಿಡ್ತಿದ್ರು, ಆದ್ರೆ ದಿನನಿತ್ಯದ ಆಡಳಿತ ದಿವಾನರ ಕೈಲಿತ್ತು, 1881ರಿಂದ ಪ್ರಜಾಪ್ರತಿನಿಧಿ ಸಭೆ ಅಂತ ಒಂದು ವೇದಿಕೆನೂ ಇತ್ತು. ಪೆರಾಕ್, ಸೆಲಾಂಗೊರ್ ಥರದ ರಾಜ್ಯಗಳಲ್ಲಿ ದಿವಾನ್ ಅನ್ನೋ ಮಧ್ಯದ ಮನುಷ್ಯನೇ ಇಲ್ಲ, ರೆಸಿಡೆಂಟೇ ಆಡಳಿತ ನಡೆಸೋನು. 1874ರ ಪಾಂಗ್ಕೊರ್ ಒಪ್ಪಂದದಲ್ಲಿ ಬರೆದಿದ್ದು ಏನಂದ್ರೆ ಮಲಯ ಧರ್ಮ ಮತ್ತೆ ಆಚಾರ ಬಿಟ್ಟು ಬೇರೆ ಎಲ್ಲಾ ವಿಷಯದಲ್ಲೂ ಸುಲ್ತಾನರು ರೆಸಿಡೆಂಟ್‌ನ ಸಲಹೆ ಕೇಳ್ಬೇಕು, ಕೇಳಿ ಅದರಂತೆ ನಡೀಬೇಕು. ಪಾಲಿಸಲೇಬೇಕಾದ ಮಾತನ್ನ ಸಲಹೆ ಅಂತ ಕರೆದಿದ್ದೇ ಈ ಇಡೀ ವ್ಯವಸ್ಥೆಯ ಬುಡ. ಪೆರಾಕ್‌ನ ಮೊದಲ ರೆಸಿಡೆಂಟ್ ಬರ್ಚ್ ಅನ್ನೋರನ್ನ 1875ರಲ್ಲಿ ಪಾಸಿರ್ ಸಲಾಕ್ ಅನ್ನೋ ಊರಲ್ಲಿ ನದಿ ದಡದಲ್ಲೇ ಕೊಂದು ಹಾಕಿದ್ರು. ಆಮೇಲೆ ಬಂದವ್ರು ಸ್ವಲ್ಪ ನಯವಾಗಿ ನಡ್ಕೊಂಡ್ರು, ಆದ್ರೆ ಅಧಿಕಾರ ಮಾತ್ರ ಅವರ ಕೈಲೇ ಉಳೀತು.

ಪ್ರ: ಹಾಗಾದ್ರೆ ಸುಲ್ತಾನರಿಗೆ ಏನೂ ಅಧಿಕಾರನೇ ಇರ್ಲಿಲ್ವಾ?

ಗೌರವ ಇತ್ತು, ಅರಮನೆ ಇತ್ತು, ಮಸೀದಿ ಮತ್ತೆ ಆಚಾರದ ವಿಷಯ ಅವರದ್ದೇ. ಎಲ್ಲಾ ಆದೇಶನೂ ಅವರ ಹೆಸರಲ್ಲೇ ಹೊರಡ್ತಿತ್ತು. ನಿರ್ಧಾರ ಮಾಡೋರು ಮಾತ್ರ ಬೇರೆ. 1903ರಲ್ಲಿ ಕೌಲಾಲಂಪುರದಲ್ಲಿ ನಡೆದ ದರ್ಬಾರ್‌ನಲ್ಲಿ ಪೆರಾಕ್‌ನ ಸುಲ್ತಾನ್ ಇದ್ರಿಸ್ ಎದ್ದು ನಿಂತು ಒಂದು ಹಡಗಿಗೆ ಇಬ್ಬರು ನಖೋದಾ ಇರೋಕಾಗಲ್ಲ ಅನ್ನೋ ಅರ್ಥದಲ್ಲಿ ಹೇಳಿದ್ರು, ನಖೋದಾ ಅಂದ್ರೆ ಹಡಗಿನ ಕ್ಯಾಪ್ಟನ್. ಒಕ್ಕೂಟ ಅನ್ನೋ ಹೆಸರಲ್ಲಿ ಎಲ್ಲಾ ಅಧಿಕಾರ ಕೌಲಾಲಂಪುರದ ಆಫೀಸಿಗೆ ಹೋಗ್ತಿದೆ ಅನ್ನೋದು ಅವರ ಸಂಕಟ. 1909ರಲ್ಲಿ ಫೆಡರಲ್ ಕೌನ್ಸಿಲ್ ಮಾಡಿದ್ರು, ನಾಲ್ಕೂ ರಾಜ್ಯಗಳ ರಾಜರನ್ನ ಅದರಲ್ಲಿ ಸದಸ್ಯರಾಗಿ ಕೂರಿಸಿದ್ರು, ಅಧ್ಯಕ್ಷತೆ ಹೈ ಕಮಿಷನರ್‌ದು. ತಮ್ಮ ರಾಜ್ಯದ ಬಗ್ಗೆನೇ ಇಂಗ್ಲಿಷಲ್ಲಿ ಚರ್ಚೆ ನಡೀತಿದ್ರೆ ರಾಜರು ಸುಮ್ನೆ ಕೂತಿರ್ಬೇಕು. 1927ರಲ್ಲಿ ಅವ್ರು ಕೌನ್ಸಿಲ್‌ನಿಂದ ಹೊರಗೆ ಬಂದು ತಮ್ಮದೇ ದರ್ಬಾರ್‌ನಲ್ಲಿ ಬೇರೆಯಾಗಿ ಸೇರೋ ಪದ್ಧತಿ ಶುರು ಆಯ್ತು.

ಎಷ್ಟರ ಮಟ್ಟಿಗೆ ಕೈ ಕಟ್ಟಿತ್ತು ಅಂತ ತಿಳ್ಕೊಳ್ಬೇಕಾದ್ರೆ ಸೆಲಾಂಗೊರ್ ಕಥೆ ಸಾಕು. ಸುಲ್ತಾನ್ ಸುಲೈಮಾನರ ಹಿರಿ ಮಗ ತೆಂಗ್ಕು ಮೂಸಾ ಎದ್ದೀನ್ ಯುವರಾಜ. ರೆಸಿಡೆಂಟ್ ಆಡಮ್ಸ್‌ಗೆ ಇವರು ಇಷ್ಟ ಇಲ್ಲ, ನಡತೆ ಸರಿಯಿಲ್ಲ ಅಂತ ಆರೋಪ. 1934ರಲ್ಲಿ ಯುವರಾಜ ಪಟ್ಟದಿಂದ ಇಳಿಸಿಬಿಟ್ರು. ಮುದಿ ತಂದೆ ಬೇಡ ಅಂತ ಅಲವತ್ತುಕೊಂಡ್ರೂ ಪ್ರಯೋಜನ ಆಗ್ಲಿಲ್ಲ. 1938ರಲ್ಲಿ ಸುಲೈಮಾನ್ ತೀರ್ಕೊಂಡಾಗ ಸಿಂಹಾಸನ ಏರಿದ್ದು ಇನ್ನೊಬ್ಬ ಮಗ ಆಲಂ ಷಾ. ಧರ್ಮ, ಆಚಾರ ಮುಟ್ಟಲ್ಲ ಅಂತ ಬರ್ಕೊಟ್ಟವ್ರು ಮನೆಯೊಳಗಿನ ವಾರಸುದಾರಿಕೆಗೇ ಕೈ ಹಾಕಿದ್ರಲ್ಲ, ಅದು ನಂಗೆ ಯಾವತ್ತೂ ಅರಗಲ್ಲ.

ಪ್ರ: ಎಲೆಕ್ಷನ್ ನಡೀತಿತ್ತಾ?

ಮಲಯ ರಾಜ್ಯಗಳಲ್ಲಿ ಇಲ್ಲ. ಸ್ಟೇಟ್ ಕೌನ್ಸಿಲ್, ಫೆಡರಲ್ ಕೌನ್ಸಿಲ್, ಊರಿನ ಚರಂಡಿ ಬೀದಿದೀಪ ನೋಡ್ಕೊಳ್ಳೋ ಸ್ಯಾನಿಟರಿ ಬೋರ್ಡ್, ಎಲ್ಲಾ ಕಡೆನೂ ಅಧಿಕಾರಿಗಳು ಮತ್ತೆ ಸರ್ಕಾರ ನೇಮಿಸಿದ ಗಣ್ಯರು. ಪ್ಲಾಂಟರ್, ಗಣಿ ಮಾಲೀಕ, ಚೀನೀ ವ್ಯಾಪಾರಿ, ಒಬ್ಬಿಬ್ಬರು ಮಲಯ ರಾಜಮನೆತನದವ್ರು, ಹೀಗೆ. ಫೆಡರಲ್ ಕೌನ್ಸಿಲ್‌ಗೆ ಮೊದಲ ಭಾರತೀಯ ಸದಸ್ಯರಾಗಿ ವಕೀಲ ಎಸ್. ವೀರಸಾಮಿ ಬಂದಿದ್ದು 1928ರಲ್ಲಿ, ಅದೂ ನೇಮಕವೇ. ಹೈ ಕಮಿಷನರ್ ಹ್ಯೂ ಕ್ಲಿಫರ್ಡ್ 1927ರಲ್ಲಿ ಕೌನ್ಸಿಲ್‌ನಲ್ಲೇ ಸ್ಪಷ್ಟವಾಗಿ ಹೇಳಿದ್ರು, ಬಹುಮತದ ಸರ್ಕಾರ ತಂದ್ರೆ ಮಲಯರು ವಲಸಿಗರ ಸಂಖ್ಯೆಯಲ್ಲಿ ಮುಳುಗಿಹೋಗ್ತಾರೆ ಅಂತ. ಆದ್ರೆ ಆ ವಲಸಿಗರನ್ನ ಗಣಿಗೆ, ಎಸ್ಟೇಟಿಗೆ ಸಾವಿರ ಸಾವಿರ ಲೆಕ್ಕದಲ್ಲಿ ಕರೆಸಿಕೊಂಡಿದ್ದೂ ಇದೇ ವ್ಯವಸ್ಥೆ. ಮಲಯರನ್ನ ಕಾಪಾಡ್ತೀವಿ ಅನ್ನೋ ಮಾತಿನ ಹಿಂದೆ ಯಾರಿಗೂ ಮತ ಕೊಡದೇ ಇರೋ ಅನುಕೂಲನೂ ಇತ್ತು ಅನ್ನೋದು ನನ್ನ ಅಭಿಪ್ರಾಯ.

ಪ್ರ: ಜೊಹೊರ್, ಕೆಡಾ ಕಡೆಯವ್ರು ನಮ್ದು ಬೇರೆ ಅಂತ ಈಗ್ಲೂ ಹೇಳ್ಕೊಳ್ತಾರಲ್ಲ, ಯಾಕೆ?

ನಿಜವಾಗ್ಲೂ ಬೇರೆ ಇತ್ತು. ಜೊಹೊರ್ 1895ರಲ್ಲೇ ತನ್ನದೇ ಲಿಖಿತ ಸಂವಿಧಾನ ಮಾಡ್ಕೊಂಡಿತ್ತು, ಬ್ರಿಟಿಷ್ ಜನರಲ್ ಅಡ್ವೈಸರ್‌ನ, ಅಂದ್ರೆ ರೆಸಿಡೆಂಟ್ ಥರದ ಸಲಹೆಗಾರನ್ನ, ಒಪ್ಕೊಂಡಿದ್ದು 1914ರಲ್ಲಿ. ಸುಲ್ತಾನ್ ಇಬ್ರಾಹಿಂ ಅಷ್ಟು ಸುಲಭಕ್ಕೆ ಬಗ್ಗೋರಲ್ಲ. ಸಿಂಗಾಪುರಕ್ಕೂ ಜೊಹೊರ್‌ಗೂ ನಡುವಿನ ಕಾಸ್‌ವೇ 1924ರಲ್ಲಿ ಅಧಿಕೃತವಾಗಿ ಓಪನ್ ಆದ್ಮೇಲೆ ಎರಡೂ ಕಡೆ ಓಡಾಟ ಜಾಸ್ತಿ ಆಯ್ತು, ಪೇಪರ್‌ಗಳೂ ಅದೇ ದಾರೀಲಿ ಓಡಾಡಿದ್ವು. ಕೆಡಾದಲ್ಲಿ ಸರ್ಕಾರಿ ಕಾಗದಪತ್ರ ಮಲಯ ಭಾಷೆಯಲ್ಲಿ, ಜಾವಿ ಲಿಪಿಯಲ್ಲಿ, ಅಂದ್ರೆ ಅರಬ್ಬಿ ಅಕ್ಷರದಲ್ಲಿ ಬರೀತಿದ್ರು, ಅಧಿಕಾರಿಗಳಲ್ಲಿ ಹೆಚ್ಚಿನವ್ರು ಮಲಯರೇ. ಕೆಲಾಂತಾನ್‌ನಲ್ಲಿ 1915ರಲ್ಲಿ ಧಾರ್ಮಿಕ ಮಂಡಳಿ ಶುರುವಾಗಿ 1918ರಿಂದ ಪೆಂಗಾಸುಹ್ ಅನ್ನೋ ಪತ್ರಿಕೆ ತಂತು. ಒಕ್ಕೂಟ ರಾಜ್ಯಗಳ ಕಥೆ ನೋಡಿ ಇವ್ರೆಲ್ಲ ಅಲ್ಲಿಗೆ ಸೇರ್ಬಾರ್ದು ಅಂತ ಗಟ್ಟಿಯಾಗಿ ನಿಂತ್ರು.

ಪ್ರ: ಡಿಸೆಂಟ್ರಲೈಸೇಶನ್ ಅಂತ ಏನೋ ದೊಡ್ಡ ಜಗಳ ಆಯ್ತಂತೆ?

ಹೌದು, 1925ರಲ್ಲಿ ಗಿಲ್ಮಾರ್ಡ್, ಆಮೇಲೆ 1930ರ ದಶಕದ ಶುರುವಲ್ಲಿ ಸೆಸಿಲ್ ಕ್ಲೆಮೆಂಟಿ, ಇಬ್ಬರೂ ಹೈ ಕಮಿಷನರ್‌ಗಳೇ, ಕೌಲಾಲಂಪುರದ ಚೀಫ್ ಸೆಕ್ರೆಟರಿ ಕೈಲಿದ್ದ ಅಧಿಕಾರನ ರಾಜ್ಯಗಳಿಗೆ ವಾಪಸ್ ಹಂಚ್ತೀವಿ ಅಂದ್ರು. ಒಕ್ಕೂಟದ ಬಿಗಿ ಸಡಿಲಿಸಿದ್ರೆ ಹೊರಗಿರೋ ಐದು ರಾಜ್ಯಗಳೂ ನಿಧಾನಕ್ಕೆ ಒಳಗೆ ಬರ್ಬಹುದು ಅಂತ ಕ್ಲೆಮೆಂಟಿ ಲೆಕ್ಕಾಚಾರ. ಒಕ್ಕೂಟದ ಸುಲ್ತಾನರಿಗೆ ಖುಷಿ, ಪ್ಲಾಂಟರ್‌ಗಳಿಗೆ ಮತ್ತೆ ಚೀನೀ ವ್ಯಾಪಾರಿಗಳಿಗೆ ಭಯ, ಹೊರಗಿನ ರಾಜ್ಯಗಳಿಗೆ ಅನುಮಾನ. ಲಂಡನ್‌ನಿಂದ 1932ರಲ್ಲಿ ಸ್ಯಾಮುಯೆಲ್ ವಿಲ್ಸನ್ ಬಂದು ನೋಡಿ ನಿಧಾನಕ್ಕೆ ಮಾಡಿ ಅಂದ್ರು. ಕೊನೆಗೆ ಚೀಫ್ ಸೆಕ್ರೆಟರಿ ಹುದ್ದೆ ಹೋಗಿ ಅದಕ್ಕಿಂತ ಚಿಕ್ಕದಾದ ಫೆಡರಲ್ ಸೆಕ್ರೆಟರಿ ಅಂತ ಬಂತು. ಪೇಪರ್‌ಗಳಿಗೆ ಮಾತ್ರ ವರ್ಷಗಟ್ಟಲೆ ಬರೆಯೋಕೆ ವಿಷಯ ಸಿಕ್ತು, ಈ ದೇಶ ಯಾರದ್ದು ಅನ್ನೋ ಪ್ರಶ್ನೆ ಬಹಿರಂಗವಾಗಿ ಎದ್ದಿದ್ದೂ ಆಗ್ಲೇ.

ಪ್ರ: ಹಳ್ಳಿ ಹುಡುಗರಿಗೆ ಓದೋಕೆ ಅವಕಾಶ ಇತ್ತಾ?

ಇಲ್ಲಿ ಎರಡು ಬಾಗಿಲು. ಒಂದು ಕೌಲಾ ಕಾಂಗ್ಸಾರ್‌ನ ಮಲಯ ಕಾಲೇಜು, 1905ರಲ್ಲಿ ಶುರುವಾಗಿದ್ದು, ರಾಜಮನೆತನದ ಮತ್ತೆ ದೊಡ್ಡ ಮನೆತನದ ಹುಡುಗರಿಗೆ ಇಂಗ್ಲಿಷ್ ಕಲಿಸಿ ಕಿರಿಯ ಅಧಿಕಾರಿಗಳನ್ನ ಮಾಡೋದು. ಹಾಗಂತ ಅವ್ರೂ ಮೇಲೆ ಹೋಗೋಕಾಗ್ತಿತ್ತು ಅಂದ್ಕೋಬೇಡಿ, ಮಲಯನ್ ಸಿವಿಲ್ ಸರ್ವಿಸ್ ಅನ್ನೋದು ಯುರೋಪಿಯನ್ ರಕ್ತದವ್ರಿಗೆ ಅಂತ ನಿಯಮನೇ ಇತ್ತು, ಮಲಯರಿಗೆ ಅಂತ 1910ರಲ್ಲಿ ಬೇರೆ ಒಂದು ಕೆಳಗಿನ ಸರ್ವಿಸ್, ಅಲ್ಲಿಂದ ಬೆರಳೆಣಿಕೆ ಜನ ಮೇಲಕ್ಕೆ.

ಇನ್ನೊಂದು ಬಾಗಿಲು ಹಳ್ಳಿಯ ಮಲಯ ಶಾಲೆ. ನಾಲ್ಕು ವರ್ಷ ಓದು, ಸ್ವಲ್ಪ ಲೆಕ್ಕ, ಸ್ವಲ್ಪ ತೋಟದ ಕೆಲಸ, ಬುಟ್ಟಿ ಹೆಣೆಯೋದು. ಮೀನುಗಾರನ ಮಗ ಅಪ್ಪನಿಗಿಂತ ಸ್ವಲ್ಪ ಜಾಣ ಮೀನುಗಾರ ಆದ್ರೆ ಸಾಕು ಅನ್ನೋದು 1920ರ ಸರ್ಕಾರಿ ವರದಿಯಲ್ಲೇ ಇರೋ ಧೋರಣೆ. ಹಳ್ಳಿ ಹುಡುಗ ಇಂಗ್ಲಿಷ್ ಕಲಿತು ಗುಮಾಸ್ತೆ ಕೆಲಸ ಕೇಳಿದ್ರೆ ಕಷ್ಟ, ಅವನು ಗದ್ದೇಲೇ ಇರ್ಲಿ ಅಂತ. ಇದನ್ನ ಓದಿದಾಗ ನಂಗೆ ಮೈ ಉರೀತು.

ಆದ್ರೆ ಅದೇ ಹಳ್ಳಿ ಶಾಲೆಗಳಿಗೆ ಮೇಷ್ಟ್ರು ಬೇಕಲ್ಲ, ಅದಕ್ಕೆ 1922ರಲ್ಲಿ ತಂಜುಂಗ್ ಮಾಲಿಮ್‌ನಲ್ಲಿ ಸುಲ್ತಾನ್ ಇದ್ರಿಸ್ ಟ್ರೈನಿಂಗ್ ಕಾಲೇಜು ಕಟ್ಟಿದ್ರು. ಪಾಠ ಎಲ್ಲಾ ಮಲಯ ಭಾಷೆಯಲ್ಲೇ. ಬೇರೆ ಬೇರೆ ರಾಜ್ಯದ ರೈತರ, ಮೀನುಗಾರರ ಮಕ್ಕಳು ಮೊದಲನೇ ಸಲ ಒಂದೇ ಹಾಸ್ಟೆಲಲ್ಲಿ ಮಲಗಿ, ಒಂದೇ ಪಂಕ್ತೀಲಿ ಉಂಡು, ನಾನು ಪೆರಾಕ್‌ನವ್ನು ನೀನು ಜೊಹೊರ್‌ನವ್ನು ಅನ್ನೋದನ್ನ ಬಿಟ್ಟು ನಾವೆಲ್ಲ ಮಲಯರು ಅಂತ ಯೋಚಿಸೋಕೆ ಶುರು ಮಾಡಿದ್ದು ಅಲ್ಲಿ. ಪ್ರಿನ್ಸಿಪಾಲ್ ಡಸೆಕ್ ಅನ್ನೋ ಇಂಗ್ಲಿಷಿನವ್ರು ಹುಡುಗರ ಪರ ಇದ್ದೋರು. 1924ರಿಂದ ಅನುವಾದ ವಿಭಾಗ ನೋಡ್ಕೊಂಡವ್ರು ಝಾಬಾ ಅಂತ ಎಲ್ರೂ ಕರೆಯೋ ಝೈನಲ್ ಆಬಿದೀನ್ ಬಿನ್ ಅಹ್ಮದ್, ಮಲಯ ವ್ಯಾಕರಣಕ್ಕೆ ಅಡಿಪಾಯ ಹಾಕಿದವ್ರು, ಮಲಯರ ಬಡತನದ ಬಗ್ಗೆ ನೇರವಾಗಿ ಬರೆದವ್ರು. ಜಾಣ ಮೀನುಗಾರರನ್ನ ತಯಾರು ಮಾಡೋ ಯೋಜನೆಯಿಂದ ಪತ್ರಕರ್ತರು, ಲೇಖಕರು, ರಾಜಕೀಯ ಹೋರಾಟಗಾರರು ಹೊರಗೆ ಬಂದ್ರು.

ಪ್ರ: ಪೇಪರ್ ಓದೋರು ಎಷ್ಟು ಜನ ಇದ್ದಿರ್ಬಹುದು, ಅಷ್ಟೊಂದು ಪ್ರಭಾವ ಇತ್ತಾ?

ಕೊಳ್ಳೋರು ಕಮ್ಮಿ, ಕೇಳೋರು ಜಾಸ್ತಿ. ಹಳ್ಳಿ ಕಾಫಿ ಅಂಗಡೀಲಿ, ಅದಕ್ಕೆ ಕೆಡೈ ಕೋಪಿ ಅಂತಾರೆ, ತಮಿಳಿನ ಕಡೈನೇ ಇದು, ಅಲ್ಲಿ ಒಬ್ರು ಗಟ್ಟಿಯಾಗಿ ಓದೋದು, ಸುತ್ತ ಕೂತವ್ರು ಕೇಳೋದು, ಆಮೇಲೆ ವಾದ. ಓದೋರು ಬಹಳ ಸಲ ಹಳ್ಳಿ ಮೇಷ್ಟ್ರೇ. ನಮ್ಮೂರ ಅರಳಿಕಟ್ಟೆ ನೆನಪಿಸ್ಕೊಳ್ಳಿ.

1926ರಲ್ಲಿ ಪೆನಾಂಗ್‌ನಿಂದ ಅಲ್ ಇಖ್ವಾನ್ ಮಾಸಪತ್ರಿಕೆ, 1928ರಲ್ಲಿ ಅಲ್ಲಿಂದಲೇ ಸೌದಾರಾ. ಈ ಎರಡರ ಹಿಂದೆಯೂ ಸಯ್ಯದ್ ಶೇಖ್ ಅಲ್ ಹಾದಿ. ಸೌದಾರಾ ಅಂದ್ರೆ ನಮ್ಮ ಸಹೋದರನೇ, ಅರಬ್ಬಿ ಲಿಪಿಯಲ್ಲಿ ಬರೆದ ಸಂಸ್ಕೃತ ಪದ, ಎಷ್ಟು ಚಂದ ಅಲ್ವಾ. 1930ರಲ್ಲಿ ಸಿಂಗಾಪುರದಿಂದ ವಾರ್ತಾ ಮಲಯ ಬಂತು, ಇದರಲ್ಲೂ ನಮ್ಮ ವಾರ್ತೆ ಇದೆ, ದಿನಪತ್ರಿಕೆ. 1931ರಲ್ಲಿ ಕೌಲಾಲಂಪುರದಲ್ಲಿ ಮಜ್ಲಿಸ್. ಅಬ್ದುಲ್ ರಹೀಂ ಕಜಾಯ್ ಅಲ್ಲಿ ಸಂಪಾದಕರು, ಮಲಯ ಪತ್ರಿಕೋದ್ಯಮದ ಪಿತಾಮಹ ಅಂತ ಈಗ್ಲೂ ಅವರನ್ನ ಕರೀತಾರೆ.

ವಾರ್ತಾ ಮಲಯದ ಸಂಪಾದಕ ಒನ್ ಜಾಫರ್ ಜೊಹೊರ್‌ನವ್ರು, ಅಲ್ಲಿನ ದೊಡ್ಡ ಮನೆತನದವ್ರು, ಆದ್ರೆ ಜೊಹೊರ್ ಸುಲ್ತಾನರನ್ನ ಟೀಕಿಸಿ ಬರೆದಿದ್ದಕ್ಕೆ ಊರು ಬಿಟ್ಟು ಸಿಂಗಾಪುರಕ್ಕೆ ಬಂದು ಇರ್ಬೇಕಾಯ್ತು. ಅಲ್ಲಿಂದಲೇ ಬರೆದ್ರು. ಸುಲ್ತಾನ ಆಗ್ಲಿ, ರೆಸಿಡೆಂಟ್ ಆಗ್ಲಿ, ರೈತರ ಜಮೀನು ವಿಷಯ ಆಗ್ಲಿ, ಎಲ್ಲದಕ್ಕೂ ಪೆನ್ನು ತಾಗಿಸಿದ್ರು.

ಇನ್ನು 1939ರ ಮೇ ತಿಂಗಳಲ್ಲಿ ಶುರುವಾದ ಉತೂಸನ್ ಮೆಲಾಯು ಕಥೆ ನಂಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿವರೆಗಿನ ಮಲಯ ಪೇಪರ್‌ಗಳ ಬಂಡವಾಳ ಹೆಚ್ಚಾಗಿ ಅರಬ್ ಮೂಲದ ಅಥವಾ ಭಾರತೀಯ ಮುಸ್ಲಿಂ ಶ್ರೀಮಂತರದ್ದು. ನಮ್ಮದೇ ದುಡ್ಡಲ್ಲಿ ನಮ್ಮದೇ ಪೇಪರ್ ಬೇಕು ಅಂತ ಯೂಸುಫ್ ಇಶಾಕ್ ಮತ್ತೆ ಗೆಳೆಯರು ಊರೂರು ಸುತ್ತಿ ಸಾಮಾನ್ಯ ಜನರಿಗೆ ಷೇರು ಮಾರಿದ್ರು. ಕಜಾಯ್ ಅವರನ್ನ ಸಂಪಾದಕರಾಗಿ ಕರ್ಕೊಂಡು ಬಂದ್ರು. ಇದೇ ಯೂಸುಫ್ ಇಶಾಕ್ ಮುಂದೆ ಸಿಂಗಾಪುರದ ಮೊದಲ ರಾಷ್ಟ್ರಪತಿ ಆದ್ರು. ಸಿಂಗಾಪುರದ ನೋಟು ನಿಮ್ ಕೈಗೆ ಬಂದ್ರೆ ನೋಡಿ, ಅದರ ಮೇಲಿರೋ ಮುಖ ಅವರದ್ದೇ.

ಪ್ರ: ಕೌಮ್ ಮೂಡಾ, ಕೌಮ್ ತುವಾ ಅಂದ್ರೇನು?

ಕಿರಿಯರ ಗುಂಪು, ಹಿರಿಯರ ಗುಂಪು. ಕೈರೋ, ಮೆಕ್ಕಾ ಕಡೆ ಓದಿ ಸುಧಾರಣೆಯ ಗಾಳಿ ಹಚ್ಕೊಂಡು ಬಂದವ್ರು ಕೌಮ್ ಮೂಡಾ. ಕುರುಡಾಗಿ ಅನುಸರಿಸೋದು ಬಿಡಿ, ಬುದ್ಧಿ ಉಪಯೋಗಿಸಿ, ಶಾಲೇಲಿ ಲೆಕ್ಕ ಇತಿಹಾಸನೂ ಕಲಿಸಿ, ಹೆಣ್ಮಕ್ಕಳನ್ನ ಓದಿಸಿ ಅಂದ್ರು. 1906ರಲ್ಲಿ ಸಿಂಗಾಪುರದ ಅಲ್ ಇಮಾಮ್ ಪತ್ರಿಕೆಯಿಂದ ಇದು ಶುರು. ಸುಲ್ತಾನರ ಆಶ್ರಯದಲ್ಲಿದ್ದ ಧಾರ್ಮಿಕ ಅಧಿಕಾರಿಗಳಿಗೆ ಇದು ಹಿಡಿಸ್ಲಿಲ್ಲ, ಅದಕ್ಕೇ ಇವರ ಪತ್ರಿಕೆಗಳೆಲ್ಲ ಸುಲ್ತಾನರ ಕೈಗೆಟುಕದ ಪೆನಾಂಗ್, ಸಿಂಗಾಪುರದಿಂದಲೇ ಹೊರಡ್ತಿದ್ದಿದ್ದು. ಧರ್ಮದ ಜಗಳದ ಥರ ಕಂಡ್ರೂ ಪ್ರಶ್ನೆ ಮಾಡೋದು ಹೇಗೆ ಅನ್ನೋದನ್ನ ಒಂದು ತಲೆಮಾರು ಇಲ್ಲೇ ಕಲಿತಿದ್ದು.

ಪ್ರ: ಪೆನ್ ಫ್ರೆಂಡ್ಸ್ ಸಂಘ ಅಂತ ಕೇಳಿದ್ವಿ, ಅದಕ್ಕೂ ಇದಕ್ಕೂ ಏನ್ ಸಂಬಂಧ?

ತುಂಬಾ ಇದೆ. ಸೌದಾರಾ ಪತ್ರಿಕೆಯಲ್ಲಿ ಓದುಗರು ಒಬ್ಬರಿಗೊಬ್ಬರು ಬರ್ಕೊಳ್ಳೋ ಅಂಕಣ ಇತ್ತು, ಅದು ಬೆಳೆದು 1934ರಲ್ಲಿ ತೈಪಿಂಗ್‌ನಲ್ಲಿ ಸಮ್ಮೇಳನ ಆಗಿ ಸಹಾಬತ್ ಪೆನಾ ಅನ್ನೋ ಸಂಘನೇ ಆಯ್ತು, ಲೇಖನಿ ಗೆಳೆಯರು ಅಂತ ಅರ್ಥ. ಘೋಷಣೆ ಏನಂದ್ರೆ ಭಾಷೆ ಬದುಕಲಿ, ಜನಾಂಗ ಬದುಕಲಿ. ಭಾಷೆಗೆ ಅವರ ಪದ ಬಹಾಸ, ಜನಾಂಗಕ್ಕೆ ಬಂಗ್ಸಾ, ಅದು ನಮ್ಮ ವಂಶ. ರಾಜಕೀಯ ಮತ್ತೆ ಧರ್ಮ ಮಾತಾಡಬಾರ್ದು ಅಂತ ಅವರೇ ನಿಯಮ ಹಾಕ್ಕೊಂಡಿದ್ರು, ಇಲ್ಲಾಂದ್ರೆ ಸರ್ಕಾರ ಬಾಗಿಲು ಹಾಕಿಸ್ತಿತ್ತು. ಆದ್ರೂ ಪರ್ಲಿಸ್‌ನ ಮೂಲೇಲಿದ್ದ ಮೇಷ್ಟ್ರು ಸಿಂಗಾಪುರದ ಗುಮಾಸ್ತೆಗೆ ಕಾಗದ ಬರೆದು ನಿಮ್ಮೂರಲ್ಲಿ ಹೇಗಿದೆ ಅಂತ ಕೇಳೋದೇ ಒಂದು ದೊಡ್ಡ ವಿಷಯ. ಸಾವಿರಾರು ಜನ ಸೇರಿದ್ರು. ಆಗಿನ ಕಾಲದ ವಾಟ್ಸಾಪ್ ಗ್ರೂಪ್ ಅಂದ್ಕೊಳ್ಳಿ, ಅಂಚೆ ಚೀಟಿ ಹಚ್ಚಬೇಕು ಅಷ್ಟೇ.

ಪ್ರ: ಹೆಂಗಸರು ಎಲ್ಲಿದ್ರು ಇದರಲ್ಲಿ?

ಶಾಲೇಲಿ. ಜೊಹೊರ್‌ನಲ್ಲಿ ಝೈನುನ್ ಸುಲೈಮಾನ್, ಎಲ್ರೂ ಪ್ರೀತಿಯಿಂದ ಇಬು ಝೈನ್ ಅಂತಿದ್ರು, ಇಬು ಅಂದ್ರೆ ಅಮ್ಮ. 1929ರ ಹೊತ್ತಿಗೆ ಮಲಯ ಶಿಕ್ಷಕಿಯರ ಸಂಘ ಕಟ್ಟಿ 1930ರಿಂದ ಬುಲನ್ ಮೆಲಾಯು ಅನ್ನೋ ಪತ್ರಿಕೆ ತಂದ್ರು, ಹೆಂಗಸರೇ ಬರೆದು ಹೆಂಗಸರಿಗಾಗಿ ನಡೆಸಿದ್ದು. ಮಲಕ್ಕಾದಲ್ಲಿ 1935ರಲ್ಲಿ ಶಿಕ್ಷಕಿಯರ ತರಬೇತಿ ಕಾಲೇಜು ಬಂತು. ಮನೆ ಮನೆಗೆ ಹೋಗಿ ಹುಡುಗಿಯರನ್ನ ಶಾಲೆಗೆ ಕಳ್ಸಿ ಅಂತ ಕೇಳ್ಕೊಳ್ತಿದ್ದ ಈ ಮೇಡಂಗಳ ಬಗ್ಗೆ ಇನ್ನೂ ಜಾಸ್ತಿ ಬರೀಬೇಕು ಯಾರಾದ್ರೂ.

ಪ್ರ: ರೈತರು ದಂಗೆ ಎದ್ದಿದ್ದು ಇದ್ಯಾ?

ಇದೆ. 1928ರ ಮೇ ತಿಂಗಳು, ತೆರೆಂಗಾನು. ಕಾಡು ಕಡಿದು ಬೆಟ್ಟದಲ್ಲಿ ಭತ್ತ ಹಾಕೋಕೆ ಪರ್ಮಿಟ್ ಬೇಕು, ಅದಕ್ಕೆ ದುಡ್ಡು ಕಟ್ಟಬೇಕು ಅಂತ ಹೊಸ ಕಾನೂನು ಬಂದಿತ್ತು. ತಾತ ಮುತ್ತಾತನ ಕಾಲದಿಂದ ಉಳ್ತಿದ್ದ ಜಾಗಕ್ಕೆ ಇವತ್ತು ಚೀಟಿ ತೋರ್ಸು ಅಂದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ಹಾಜಿ ಅಬ್ದುಲ್ ರಹ್ಮಾನ್ ಲಿಂಬೊಂಗ್ ಅನ್ನೋ ಧರ್ಮಗುರು ಮೊದಲು ಕೋರ್ಟಲ್ಲಿ ರೈತರ ಪರ ನಿಂತು ವಾದ ಮಾಡಿದ್ರು, ಭೂಮಿ ದೇವರದ್ದು, ಉಳೋಕೆ ಯಾರ ಅಪ್ಪಣೆನೂ ಬೇಡ ಅನ್ನೋ ನಿಲುವು. ಕೋರ್ಟ್ ದಾರಿ ಮುಚ್ಚಿದ್ಮೇಲೆ ಜನ ಕೌಲಾ ಬೆರಾಂಗ್‌ಗೆ ನುಗ್ಗಿ ಸರ್ಕಾರಿ ಕಚೇರಿ ವಶ ಮಾಡ್ಕೊಂಡ್ರು. ಆಮೇಲೆ ಕೌಲಾ ತೆಲೆಮೊಂಗ್‌ನಲ್ಲಿ ಪೊಲೀಸರು ಗುಂಡು ಹಾರಿಸಿ ಹಲವರು ಸತ್ರು. ಹಾಜಿಯವರನ್ನ ಮೆಕ್ಕಾಗೆ ಗಡೀಪಾರು ಮಾಡಿದ್ರು, ಅಲ್ಲೇ ತೀರ್ಕೊಂಡ್ರು. ಅದಕ್ಕೂ ಮುಂಚೆ 1915ರಲ್ಲಿ ಕೆಲಾಂತಾನ್‌ನ ಪಾಸಿರ್ ಪುತೆಹ್‌ನಲ್ಲಿ ತೊಕ್ ಜಾಂಗುಟ್ ಅನ್ನೋರು ದಂಗೆ ಎದ್ದಿದ್ರು, ಅವರನ್ನ ಕೊಂದು ಹೆಣನ ಕೋಟಾ ಭಾರುನಲ್ಲಿ ತಲೆಕೆಳಗಾಗಿ ನೇತು ಹಾಕಿದ್ರು.

ಪ್ರ: ಭಾರತೀಯರ ಪರಿಸ್ಥಿತಿ ಹೇಗಿತ್ತು?

1931ರ ಜನಗಣತಿ ಪ್ರಕಾರ ಸಿಂಗಾಪುರನೂ ಸೇರಿ ಇಡೀ ಬ್ರಿಟಿಷ್ ಮಲಯಾದಲ್ಲಿ ಸುಮಾರು 44 ಲಕ್ಷ ಜನ, ಅದರಲ್ಲಿ ಭಾರತೀಯರು ಸುಮಾರು 6 ಲಕ್ಷ 20 ಸಾವಿರ. ಬಹುಪಾಲು ತಮಿಳರು, ಆಮೇಲೆ ತೆಲುಗರು, ಮಲಯಾಳಿಗಳು, ಪಂಜಾಬಿಗಳು. ರಬ್ಬರ್ ಎಸ್ಟೇಟಿಗೆ ಕಂಗಾಣಿ ಅನ್ನೋ ಮೇಸ್ತ್ರಿ ತನ್ನೂರಿಗೆ ಹೋಗಿ ಜನ ಕರ್ಕೊಂಡ್ ಬರೋ ಪದ್ಧತಿ. ಎಸ್ಟೇಟ್ ಅಂದ್ರೆ ಒಂದು ಬೇಲಿ ಹಾಕಿದ ಲೋಕ, ಲೈನ್ ಮನೆ, ಹೆಂಡದಂಗಡಿ, ಒಂದು ಗುಡಿ, ಹತ್ತು ಮಕ್ಕಳಿದ್ರೆ ಒಂದು ತಮಿಳು ಶಾಲೆ, ಇದು 1923ರ ಕಾರ್ಮಿಕ ಕಾಯ್ದೆ ನಿಯಮ. ಚಿಕ್ಕಮಗಳೂರು, ಕೊಡಗಿನ ಕಾಫಿ ಎಸ್ಟೇಟ್ ಲೈನ್ ನೋಡಿದವ್ರಿಗೆ ಇದನ್ನ ಜಾಸ್ತಿ ವಿವರಿಸಬೇಕಿಲ್ಲ.

1930ರಲ್ಲಿ ರಬ್ಬರ್ ರೇಟ್ ಬಿದ್ದುಹೋದಾಗ ಲಕ್ಷಕ್ಕೂ ಹೆಚ್ಚು ಕೂಲಿಯವ್ರನ್ನ ಹಡಗು ಹತ್ತಿಸಿ ವಾಪಸ್ ಕಳ್ಸಿದ್ರು, ಉಳಿದವರ ಕೂಲಿ ಕತ್ತರಿಸಿದ್ರು. 1936ರ ಕೊನೇಲಿ ಭಾರತ ಸರ್ಕಾರದ ಪರವಾಗಿ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು ಬಂದು ಎಸ್ಟೇಟ್‌ಗಳನ್ನ ನೋಡಿ, ಕೂಲಿನ ಗಂಡಸರಿಗೆ 50 ಸೆಂಟು, ಹೆಂಗಸರಿಗೆ 40 ಸೆಂಟು ಅನ್ನೋ ಹಳೇ ಮಟ್ಟಕ್ಕೆ ತನ್ನಿ, ಕಂಗಾಣಿ ನೇಮಕಾತಿ ಸಾಕು ಅಂದ್ರು. ವರದಿ ತುಂಬಾ ಮೆತ್ತಗಾಯ್ತು ಅಂತ ಅಲ್ಲಿನ ಭಾರತೀಯ ಮುಖಂಡರು ಬೇಜಾರು ಮಾಡ್ಕೊಂಡ್ರು. ಅದೇ 1936ರಲ್ಲಿ ಸೆಂಟ್ರಲ್ ಇಂಡಿಯನ್ ಅಸೋಸಿಯೇಷನ್ ಶುರುವಾಗಿತ್ತು, 1937ರಲ್ಲಿ ನೆಹರು ಬಂದು ಹೋದ್ರು. 1938ರ ಜೂನ್‌ನಲ್ಲಿ ಭಾರತ ಸರ್ಕಾರ ನೆರವು ಕೊಟ್ಟು ಕೂಲಿಗಳನ್ನ ಕಳ್ಸೋದನ್ನೇ ನಿಲ್ಲಿಸ್ತು. ಅದಕ್ಕೂ ಮೊದಲು ಪೆರಿಯಾರ್ 1929ರಲ್ಲಿ ಬಂದು ಜಾತಿ ಬಗ್ಗೆ ಮಾತಾಡಿದ್ರು, 1927ರಲ್ಲಿ ಟಾಗೋರ್ ಬಂದಿದ್ರು.

ನಂಗೆ ಮನಸ್ಸಿಗೆ ನಾಟಿದ್ದು 1941ರ ಕ್ಲಾಂಗ್ ಮುಷ್ಕರ. ಆಗ ಯುರೋಪಲ್ಲಿ ಯುದ್ಧ ನಡೀತಿತ್ತು, ರಬ್ಬರ್‌ಗೆ ಒಳ್ಳೆ ರೇಟ್, ಕೂಲಿ ಮಾತ್ರ ಏರಿಲ್ಲ. ಆರ್.ಎಚ್. ನಾಥನ್ ಅನ್ನೋರು ಮುಂದಾಳು. ಬೇಡಿಕೆ ಪಟ್ಟೀಲಿ ಕೂಲಿ ಹೆಚ್ಚಳ ಅಂತೂ ಇತ್ತು, ಜೊತೆಗೆ ಹೆಂಡದಂಗಡಿ ಮುಚ್ಚಿ, ಮಕ್ಕಳಿಗೆ ಸರಿಯಾದ ಶಾಲೆ ಕೊಡಿ, ಆಮೇಲೆ ದೊರೆ, ಅಂದ್ರೆ ಎಸ್ಟೇಟ್‌ನ ಬಿಳಿ ಸಾಹೇಬ, ಎದುರಿಗೆ ಬಂದ್ರೆ ಸೈಕಲ್ ಇಳೀಬೇಕು ಅನ್ನೋ ಪದ್ಧತಿ ತೆಗೀರಿ. ಸೈಕಲ್ ಮೇಲೆ ಕೂತೇ ಇರೋಕೆ ಬಿಡಿ ಅಂತ ಮನುಷ್ಯ ಮುಷ್ಕರ ಮಾಡ್ಬೇಕಾದ್ರೆ ಅವನ ದಿನಗಳು ಹೇಗಿದ್ದಿರಬೇಕು ಯೋಚ್ನೆ ಮಾಡಿ. ನಾಥನ್‌ನ ಹಿಡಿದು ಭಾರತಕ್ಕೆ ಗಡೀಪಾರು ಮಾಡಿದ್ರು, ಸೆಲಾಂಗೊರ್‌ನಲ್ಲಿ ತುರ್ತು ಪರಿಸ್ಥಿತಿ ಹೇರಿ ಸೈನ್ಯ ಇಳಿಸಿದ್ರು, ಗುಂಡಿಗೆ ಕೂಲಿಯವ್ರು ಬಲಿಯಾದ್ರು.

ಪ್ರ: ಚೀನೀಯರು?

1931ರಲ್ಲಿ 17 ಲಕ್ಷ ಇದ್ರು, ತವರದ ಗಣಿ, ವ್ಯಾಪಾರ, ಕೈಕಸುಬು. ಅವರ ರಾಜಕೀಯದ ಕಣ್ಣು ಚೀನಾ ಕಡೆ, ಅಲ್ಲಿನ ರಾಷ್ಟ್ರೀಯವಾದಿ ಪಕ್ಷ ಕುವೊಮಿನ್‌ಟಾಂಗ್‌ನ ಶಾಖೆಗಳಿದ್ವು, ಕ್ಲೆಮೆಂಟಿ 1930ರಲ್ಲಿ ಅದನ್ನ ಬಿಗಿಯಾಗಿ ನಿಷೇಧಿಸಿದ್ರು. ಅದೇ ವರ್ಷ ಮಲಯನ್ ಕಮ್ಯುನಿಸ್ಟ್ ಪಾರ್ಟಿ ಹುಟ್ತು. 1937ರಲ್ಲಿ ಸೆಲಾಂಗೊರ್‌ನ ಬಾತು ಆರಾಂಗ್ ಕಲ್ಲಿದ್ದಲು ಗಣೀಲಿ ಕಾರ್ಮಿಕರು ಗಣಿನೇ ವಶಕ್ಕೆ ತಗೊಂಡ್ರು. ಜಪಾನ್ ಚೀನಾ ಮೇಲೆ ಬಿದ್ದಾಗ ರಬ್ಬರ್ ವ್ಯಾಪಾರಿ ಟಾನ್ ಕಾ ಕೀ ಮುಂದಾಳತ್ವದಲ್ಲಿ ಊರೂರಲ್ಲಿ ಚಂದಾ ಎತ್ತಿದ್ರು, ಜಪಾನಿ ಸಾಮಾನು ಬಹಿಷ್ಕರಿಸಿದ್ರು. ಟೈಗರ್ ಬಾಮ್ ಗೊತ್ತಲ್ಲ, ಅದರ ಮಾಲೀಕ ಆವ್ ಬೂನ್ ಹಾವ್ 1929ರಲ್ಲಿ ಸಿನ್ ಚ್ಯೂ ಪತ್ರಿಕೆ ಶುರು ಮಾಡಿದ್ದು.

ಪ್ರ: ಮಲಯ ಅಂದ್ರೆ ಯಾರು ಅಂತ ಪೇಪರ್‌ನಲ್ಲಿ ಜಗಳ ಆಗಿತ್ತಂತೆ?

ಆಗಿತ್ತು. ಮುಸ್ಲಿಂ, ಮನೇಲಿ ಮಲಯ ಮಾತಾಡ್ತಾರೆ, ಆದ್ರೆ ಅಪ್ಪನ ಕಡೆ ಅರಬ್ ಅಥವಾ ತಮಿಳು ಮೂಲ, ಅವ್ರು ಮಲಯರಾ ಅಲ್ವಾ? 1930ರ ದಶಕದಲ್ಲಿ ಡಿಕೆಎ, ಡಿಕೆಕೆ ಅಂತ ಅಡ್ಡಹೆಸರು ಬಂತು. ಮೊದಲನೇದು ಅರಬ್ ವಂಶದ ರಕ್ತ, ಎರಡನೇದು ಕೆಲಿಂಗ್ ವಂಶದ ರಕ್ತ ಅನ್ನೋ ಮಲಯ ಮಾತಿನ ಮೊದಲಕ್ಷರಗಳು. ಕೆಲಿಂಗ್ ಪದ ಕಳಿಂಗದಿಂದ ಬಂದಿದ್ದು, ಈಗ ಅದು ಬೈಗುಳ, ದಯವಿಟ್ಟು ಅಲ್ಲಿ ಹೋದಾಗ ಬಳಸ್ಬೇಡಿ. ಸಿಟ್ಟಿನ ಹಿಂದೆ ಕಾರಣ ಇತ್ತು, ಪೇಪರ್, ಅಂಗಡಿ, ಸಂಘದ ಮುಖಂಡತ್ವ ಎಲ್ಲಾ ಅವರದ್ದೇ, ಹಳ್ಳಿ ಮಲಯನಿಗೆ ಏನೂ ಇಲ್ಲ ಅಂತ. ಆದ್ರೂ ರಕ್ತ ಅಳೆಯೋ ಮಾತು ಓದ್ವಾಗ ಸಂಕಟ ಆಗುತ್ತೆ.

ಪ್ರ: ಬರೀ ರಾಜಕೀಯನಾ, ಮನರಂಜನೆ ಏನೂ ಇರ್ಲಿಲ್ವಾ?

ಬೇಕಾದಷ್ಟು. ಬಾಂಗ್ಸಾವಾನ್ ಅನ್ನೋ ನಾಟಕ ಕಂಪನಿಗಳು ಊರೂರು ಸುತ್ತಿ ಟೆಂಟ್ ಹಾಕ್ತಿದ್ವು, ಪಾರ್ಸಿ ನಾಟಕದಿಂದ ಹುಟ್ಟಿದ್ದು, ನಮ್ಮ ಕಂಪನಿ ನಾಟಕದ ದೂರದ ತಂಗಿ. 1930ರ ದಶಕದ ಶುರುವಲ್ಲಿ ಭಾರತದಿಂದ ಬಂದ ಬಿ.ಎಸ್. ರಾಜಹಂಸ್ ಆ ಕಲಾವಿದರನ್ನೇ ಹಾಕ್ಕೊಂಡು ಮಲಯ ಭಾಷೆಯ ಮೊದಲ ಸಿನಿಮಾ ಲೈಲಾ ಮಜ್ನೂನ್ ತೆಗೆದ್ರು. ಫುಟ್‌ಬಾಲ್ ಅಂದ್ರೆ 1921ರಲ್ಲಿ ಶುರುವಾದ ಮಲಯಾ ಕಪ್, ಒಕ್ಕೂಟ ರಾಜ್ಯಗಳ ದುಡ್ಡಲ್ಲಿ ಕಟ್ಟಿದ ಮಲಯಾ ಅನ್ನೋ ಯುದ್ಧನೌಕೆಯವ್ರು ಕೊಟ್ಟ ಕಪ್. ಕೌಲಾಲಂಪುರದ ಮೈದಾನದ ಪಕ್ಕದ ದೊಡ್ಡ ಕ್ಲಬ್ ಹೆಚ್ಚಾಗಿ ಯುರೋಪಿಯನ್ನರದ್ದು, ಮಿಕ್ಕವ್ರು ತಮ್ಮ ತಮ್ಮ ಕ್ಲಬ್ ಕಟ್ಕೊಂಡ್ರು.

ಪ್ರ: ರಾಜಕೀಯ ಸಂಘಟನೆ ಯಾವಾಗ ಶುರುವಾಯ್ತು?

1926ರಲ್ಲಿ ಸಿಂಗಾಪುರದಲ್ಲಿ ಕೆಸತುವಾನ್ ಮೆಲಾಯು, ಮೊಹಮ್ಮದ್ ಯೂನೊಸ್ ಅಬ್ದುಲ್ಲಾ ಮುಂದಾಳು, ಅವ್ರು ಸ್ಟ್ರೇಟ್ಸ್ ಶಾಸನ ಸಭೆಯ ಮೊದಲ ಮಲಯ ಸದಸ್ಯರೂ ಹೌದು. ಊರಲ್ಲಿ ಮಲಯರಿಗೆ ಮನೆ ಕಟ್ಕೊಳ್ಳೋಕೆ ಜಾಗ ಕೊಡ್ಸಿದ್ದು ಇವರ ದೊಡ್ಡ ಕೆಲಸ. 1938ರಲ್ಲಿ ಸೆಲಾಂಗೊರ್, ಪಹಾಂಗ್‌ನಲ್ಲಿ ರಾಜ್ಯ ಸಂಘಗಳು ಬಂದ್ವು, 1939ರಲ್ಲಿ ಕೌಲಾಲಂಪುರದಲ್ಲಿ ಎಲ್ಲಾ ಸೇರಿ ಸಭೆ ಮಾಡಿದ್ರು, ಸುಲ್ತಾನರಿಗೂ ಬ್ರಿಟಿಷರಿಗೂ ನಿಷ್ಠೆ ತೋರಿಸ್ಕೊಂಡೇ. 1938ರಲ್ಲೇ ಇಬ್ರಾಹಿಂ ಯಾಕೂಬ್ ಮತ್ತೆ ಗೆಳೆಯರು ಕೆಸತುವಾನ್ ಮೆಲಾಯು ಮೂಡಾ ಕಟ್ಟಿದ್ರು, ಇವ್ರು ಬೇರೆ ದಾರಿ, ಬ್ರಿಟಿಷರು ಹೋಗ್ಬೇಕು, ಇಂಡೋನೇಷ್ಯಾ ಜೊತೆ ಒಂದಾಗ್ಬೇಕು ಅನ್ನೋರು. ಇಬ್ರಾಹಿಂ ಯಾಕೂಬ್ ಎಲ್ಲಿ ಓದಿದ್ದು ಅಂದ್ಕೊಂಡ್ರಿ? ಅದೇ ತಂಜುಂಗ್ ಮಾಲಿಮ್ ಕಾಲೇಜು. 1941ರ ಡಿಸೆಂಬರ್‌ನಲ್ಲಿ ಜಪಾನಿಯರು ಕೋಟಾ ಭಾರು ತೀರದಲ್ಲಿ ಇಳಿಯೋ ಹೊತ್ತಿಗೆ ಬ್ರಿಟಿಷರು ಇವರನ್ನೆಲ್ಲ ಜೈಲಿಗೆ ಹಾಕಿದ್ರು.

ಪ್ರ: ಟೂರ್ ಹೋದಾಗ ಈ ಕಾಲದ್ದು ಏನಾದ್ರೂ ನೋಡೋಕೆ ಸಿಗುತ್ತಾ?

ಕೌಲಾಲಂಪುರದಲ್ಲಿ ಸುಲ್ತಾನ್ ಅಬ್ದುಲ್ ಸಮದ್ ಕಟ್ಟಡ, ಎದುರಿಗೆ ಆಗಿನ ಮೈದಾನ, ಈಗ ಅದರ ಹೆಸರು ದಾತರಾನ್ ಮೆರ್ದೇಕಾ, ಪಕ್ಕದಲ್ಲೇ ಆ ಕ್ಲಬ್. ಕೌಲಾ ಕಾಂಗ್ಸಾರ್‌ನಲ್ಲಿ ಮಲಯ ಕಾಲೇಜು ಇನ್ನೂ ನಡೀತಿದೆ. ಆದ್ರೆ ಒಂದೇ ದಿನ ಇದ್ರೆ ನಾನು ತಂಜುಂಗ್ ಮಾಲಿಮ್‌ಗೆ ಹೋಗಿ ಅಂತೀನಿ, ಹಳೇ ಕಾಲೇಜು ಈಗ ಯೂನಿವರ್ಸಿಟಿ ಆಗಿದೆ, ಸುಲ್ತಾನ್ ಇದ್ರಿಸ್ ಹೆಸರಲ್ಲೇ, ಹಳೇ ಕಟ್ಟಡನೂ ಇದೆ. ಕೌಲಾಲಂಪುರದಿಂದ ಲೋಕಲ್ ಟ್ರೈನ್ ಹೋಗುತ್ತೆ, ಬೆಳಿಗ್ಗೆ ಹೊರಟ್ರೆ ಸಂಜೆಗೆ ವಾಪಸ್ ಬರ್ಬಹುದು. ಸ್ಟೇಷನ್ ಹತ್ರ ಕಾಫಿ ಕುಡಿಯೋದು ಮರೀಬೇಡಿ.